‘ಐದಕ್ಕೆ ಓಡುತ್ತಿದೆ’ ಎಂದರೆ ಎಷ್ಟು ಔಷಧ? ತೂಕದ ಮೇಲೆ ಸಿರಿಂಜ್ ಪಂಪ್ ಲೆಕ್ಕ ಹಾಕುವುದು ಹೇಗೆ

ಭೀಮಾತೀರ (ಯಾದಗಿರಿ ಜಿಲ್ಲೆ)
ಸೋಮವಾರ, ಬೆಳಿಗ್ಗೆ 9:10

ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನಾನು ಶುಶ್ರೂಷಾಧಿಕಾರಿ. ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದರೂ ನಿದ್ದೆ ಹತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ರಾತ್ರಿ ಹನ್ನೊಂದರ ಸುಮಾರಿಗೆ ಖಾಸಗಿ ನರ್ಸಿಂಗ್ ಹೋಮ್ ಒಂದರಿಂದ ಐವತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬರನ್ನು ನಮ್ಮಲ್ಲಿಗೆ ಕರೆತಂದರು. ಮೂತ್ರದ ಸೋಂಕು ರಕ್ತಕ್ಕೆ ಏರಿ ಬಿಪಿ ಕುಸಿದಿತ್ತು. ಸಿರಿಂಜ್‌ನಲ್ಲಿರುವ ಔಷಧವನ್ನು ನಿಧಾನಕ್ಕೆ ತಳ್ಳುವ ಯಂತ್ರದಲ್ಲಿ, ಅಂದರೆ ಸಿರಿಂಜ್ ಪಂಪ್‌ನಲ್ಲಿ, ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಹಚ್ಚಿದ್ದರು. ಸಿರಿಂಜ್ ಮೇಲೆ ಅಂಟಿಸಿದ್ದ ಪ್ಲಾಸ್ಟರ್ ತುಂಡಿನಲ್ಲಿ ನೀಲಿ ಪೆನ್ನಿನಿಂದ ‘ನಾರ್‌ಅಡ್ – 5’ ಎಂದಷ್ಟೇ ಬರೆದಿತ್ತು. ಜೊತೆಗೆ ಬಂದ ಹುಡುಗನನ್ನು ಕೇಳಿದೆ. “ಐದಕ್ಕೆ ಓಡುತ್ತಿದೆ ಸಿಸ್ಟರ್” ಎಂದ. ಅದಕ್ಕಿಂತ ಹೆಚ್ಚಿಗೆ ಅವನಿಗೂ ಗೊತ್ತಿರಲಿಲ್ಲ.

ಸಿರಿಂಜ್‌ನಲ್ಲಿ ನಾಲ್ಕು ಮಿ.ಲೀ. ಉಳಿದಿತ್ತು. ಖಾಲಿಯಾಗುವ ಮೊದಲೇ ಬದಲಿಸಬೇಕೆಂದು ಹೊಸದನ್ನು ತುಂಬಿದೆ. ನಮ್ಮ ರೂಢಿಯಂತೆ ಒಂದು ಆಂಪ್ಯೂಲ್, ಅಂದರೆ 4 ಮಿ.ಗ್ರಾಂ, ಸಲೈನ್ ಸೇರಿಸಿ ಒಟ್ಟು 50 ಮಿ.ಲೀ. ಅದನ್ನೂ ಐದಕ್ಕೇ ಇಟ್ಟೆ. ಹತ್ತು ನಿಮಿಷ ಕಳೆಯುವುದರೊಳಗೆ ಮೇಲಿನ ಬಿಪಿ 104ರಿಂದ 72ಕ್ಕೆ ಬಂತು. ಕರ್ತವ್ಯದಲ್ಲಿದ್ದ ಡಾಕ್ಟರ್ ಸಾಹೇಬರು ಓಡಿ ಬಂದು ವೇಗ ಏರಿಸಿದರು, ಬಿಪಿ ಮೇಲೆ ಬಂತು. ನರ್ಸಿಂಗ್ ಹೋಮ್‌ಗೆ ಫೋನ್ ಹಚ್ಚಿದ ಮೇಲೆ ತಿಳಿಯಿತು, ಅವರು ಅದೇ 50 ಮಿ.ಲೀ.ಗೆ ಎರಡು ಆಂಪ್ಯೂಲ್ ಹಾಕಿದ್ದರು. ನಾನು ಅರ್ಧ ಡೋಸ್ ಕೊಟ್ಟಿದ್ದೆ.

ನಸುಕಿನಲ್ಲಿ 108 ವಾಹನದಲ್ಲಿ ಕಲಬುರಗಿಗೆ ಕಳುಹಿಸಿದೆವು. ತಲುಪಿದ್ದಾರೆ, ಬಿಪಿ ನಿಂತಿದೆ ಎಂದು ಈಗ ಸುದ್ದಿ ಬಂದಿದೆ.

ಸೂತ್ರ ನನಗೆ ಬಾಯಿಪಾಠ. ಆದರೆ ರಾತ್ರಿ ಆ ಸೂತ್ರಕ್ಕೆ ಹಾಕಲು ನನ್ನ ಕೈಯಲ್ಲಿ ಅಂಕಿಗಳೇ ಇರಲಿಲ್ಲ. ತೂಕ ಕೇಳಿದರೆ ಮಗ 65 ಎಂದ, ಸೊಸೆ 50 ಇರಬಹುದು ಎಂದಳು. ಕಲಬುರಗಿಯಲ್ಲಿ ಹಾಸಿಗೆ ಸಮೇತ ತೂಗಿದಾಗ 48 ಬಂತಂತೆ. ನೀವೆಲ್ಲ ಇಂಥ ಹೊತ್ತಿನಲ್ಲಿ ಹೇಗೆ ಲೆಕ್ಕ ಹಾಕುತ್ತೀರಿ, ಏನೇನು ಬರೆದಿಡುತ್ತೀರಿ, ದಯವಿಟ್ಟು ಬಿಡಿಸಿ ಹೇಳಿ.


ಬೆಣ್ಣೆತೊರೆ (ಕಲಬುರಗಿ)
ಸೋಮವಾರ, ಬೆಳಿಗ್ಗೆ 10:35

ತಂಗಿ, ತೀವ್ರ ನಿಗಾ ಘಟಕದಲ್ಲಿ ನನ್ನದು ಹದಿನಾಲ್ಕನೇ ವರ್ಷ. ನಿಮಗೆ ಆದದ್ದು ನನ್ನ ಕಣ್ಣೆದುರಿಗೂ ಆಗಿದೆ. ಹಳ್ಳಿ, ತಾಲ್ಲೂಕುಗಳಿಂದ ಬರುವ ಸಿರಿಂಜ್‌ಗಳಲ್ಲಿ ಸರಿಯಾದ ಚೀಟಿ ಇರುವುದು ಇವತ್ತಿಗೂ ಕಡಿಮೆ.

‘ಐದು’ ಎನ್ನುವುದು ಯಂತ್ರದ ವೇಗ. ಸಿರಿಂಜ್ ಒಳಗೆ ಏನಿದೆ, ಎಷ್ಟು ಗಟ್ಟಿಯಾಗಿದೆ ಎಂಬುದು ಪಂಪ್‌ಗೆ ಗೊತ್ತಿಲ್ಲ. ಗಂಟೆಗೆ ಐದು ಮಿ.ಲೀ. ತಳ್ಳು ಎಂದರೆ ತಳ್ಳುತ್ತದೆ. ರೋಗಿಗೆ ಹೋಗುವ ಡೋಸ್ ಬೇರೆ ಸಂಗತಿ. ನಾರ್‌ಅಡ್ರಿನಲಿನ್‌ನಂಥ ಔಷಧದ ಡೋಸನ್ನು ಪ್ರತಿ ಕೆ.ಜಿ. ತೂಕಕ್ಕೆ, ಪ್ರತಿ ನಿಮಿಷಕ್ಕೆ ಎಷ್ಟು ಮೈಕ್ರೋಗ್ರಾಂ ಎಂದೇ ಹೇಳಬೇಕು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವಾಗ ಬಾಯಲ್ಲಿ ಹೇಳಬೇಕಾದದ್ದೂ ಅದನ್ನೇ.

ನಿಮ್ಮ ರೋಗಿಯ ಲೆಕ್ಕವನ್ನೇ ಬಿಡಿಸುತ್ತೇನೆ. 4 ಮಿ.ಗ್ರಾಂ ಎಂದರೆ 4000 ಮೈಕ್ರೋಗ್ರಾಂ. 50 ಮಿ.ಲೀ.ಗೆ ಹಂಚಿದರೆ ಒಂದು ಮಿ.ಲೀ.ಯಲ್ಲಿ 80 ಮೈಕ್ರೋಗ್ರಾಂ. ವೈದ್ಯರು 0.1 ಕೊಡಿ ಎಂದರು ಎಂದಿಟ್ಟುಕೊಳ್ಳಿ.

0.1 × 48 ಕೆ.ಜಿ. = ನಿಮಿಷಕ್ಕೆ 4.8 ಮೈಕ್ರೋಗ್ರಾಂ
4.8 × 60 = ಗಂಟೆಗೆ 288 ಮೈಕ್ರೋಗ್ರಾಂ
288 ÷ 80 = ಗಂಟೆಗೆ 3.6 ಮಿ.ಲೀ.

ಈಗ ಹಿಂದಿನಿಂದ ಮುಂದಕ್ಕೆ ನೋಡಿ. ನೀವು ಒಂದು ಆಂಪ್ಯೂಲ್ ಹಾಕಿ ಐದಕ್ಕೆ ಇಟ್ಟಾಗ ಗಂಟೆಗೆ 400 ಮೈಕ್ರೋಗ್ರಾಂ ಹೋಗುತ್ತಿತ್ತು. ಅದನ್ನು 60ರಿಂದಲೂ 48ರಿಂದಲೂ ಭಾಗಿಸಿದರೆ 0.14 ಬರುತ್ತದೆ. ಅವರು ಎರಡು ಆಂಪ್ಯೂಲ್ ಹಾಕಿ ಕೊಡುತ್ತಿದ್ದದ್ದು 0.28. ಪಂಪ್ ಮೇಲೆ ಎರಡೂ ಸಲ ಕಂಡದ್ದು ಅದೇ ಐದು.

ನಾನು ಪಾಳಿಗೆ ಬಂದ ಕೂಡಲೇ ಪ್ರತಿ ರೋಗಿಗೂ ಒಂದು ಲೆಕ್ಕ ಮಾಡಿಕೊಳ್ಳುತ್ತೇನೆ: ಈ ಸಿರಿಂಜ್, ಈ ತೂಕ, ಇವುಗಳಿಗೆ ಗಂಟೆಗೆ ಒಂದು ಮಿ.ಲೀ. ಎಂದರೆ ಎಷ್ಟು ಡೋಸ್? 80ನ್ನು 60ರಿಂದ, ಬಂದದ್ದನ್ನು 48ರಿಂದ ಭಾಗಿಸಿದರೆ ಸುಮಾರು 0.028. ಅದನ್ನು ಹಾಸಿಗೆಯ ಹಾಳೆಯ ಮೇಲ್ತುದಿಯಲ್ಲಿ ದೊಡ್ಡದಾಗಿ ಬರೆಯುತ್ತೇನೆ. ಆಮೇಲೆ ರಾತ್ರಿಯಿಡೀ ಯಾರು ಬಂದು ಏನು ಕೇಳಿದರೂ ಒಂದೇ ಗುಣಾಕಾರ. ವೈದ್ಯರು ವೇಗವನ್ನು ಎರಡು ಏರಿಸಿ ಎಂದರೆ ಎಷ್ಟು ಏರುತ್ತದೆ ಎಂಬುದು ಕೂಡ ಕಣ್ಣಿಗೆ ಕಾಣುತ್ತದೆ.

ಇನ್ನೊಂದು ಮಾತು. ನಾಲ್ಕು ಮಿ.ಲೀ. ಉಳಿದಿತ್ತು ಎಂದಿರಿ. ಗಂಟೆಗೆ ಐದರಂತೆ ಅದು 48 ನಿಮಿಷ ನಡೆಯುತ್ತಿತ್ತು. ಬಂದ ಸಿರಿಂಜ್‌ನ್ನು ಹಾಗೆಯೇ ಓಡಲು ಬಿಟ್ಟು, ಮೊದಲು ಕಳುಹಿಸಿದವರಿಗೆ ಫೋನ್ ಮಾಡಲು ನಿಮಗೆ ಸಮಯವಿತ್ತು. ಎಷ್ಟು ಆಂಪ್ಯೂಲ್, ಎಷ್ಟು ಮಿ.ಲೀ., ಎಷ್ಟು ಕೆ.ಜಿ. ಎಂದು ಲೆಕ್ಕ ಹಾಕಿದರು, ಈ ಮೂರನ್ನು ಕೇಳಿ ಬರೆದುಕೊಂಡ ಮೇಲೆಯೇ ಬದಲಿಸಬೇಕು. ಈ ಔಷಧ ರಕ್ತದಲ್ಲಿ ಒಂದೆರಡು ನಿಮಿಷದಲ್ಲೇ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಬದಲಿಸುವಾಗ ಎರಡನೇ ಪಂಪ್‌ನಲ್ಲಿ ಹೊಸ ಸಿರಿಂಜ್ ಕೂರಿಸಿ, ಪಿಸ್ಟನ್ ಮತ್ತು ತಳ್ಳುವ ಹಿಡಿಯ ನಡುವಿನ ಸಡಿಲು ಹೋಗುವವರೆಗೆ, ನಳಿಕೆಯ ತುದಿಯಲ್ಲಿ ಹನಿ ಕಾಣುವವರೆಗೆ ಓಡಿಸಿ, ಆಮೇಲೆ ರೋಗಿಗೆ ಜೋಡಿಸಿ. ಜೋಡಿಸಿದ ಮೇಲೆ, ಹಾಗೆ ಜೋರಾಗಿ ಓಡಿಸುವ ‘ಪರ್ಜ್’ ಗುಂಡಿಯ ಹತ್ತಿರ ಕೈ ಹೋಗಬಾರದು.


ಕಾರಂಜಾ (ಬೀದರ್)
ಸೋಮವಾರ, ಮಧ್ಯಾಹ್ನ 2:05

ನಾನು ಅರಿವಳಿಕೆ ವೈದ್ಯ. ಬೆಣ್ಣೆತೊರೆ ಅಕ್ಕನವರು ಹೇಳಿದ್ದಕ್ಕೆ ಎರಡು ವಿಷಯ ಸೇರಿಸುತ್ತೇನೆ.

‘ಒಂದು ಆಂಪ್ಯೂಲ್ ಅಂದರೆ 4 ಮಿ.ಗ್ರಾಂ’ ಎಂದು ಭೀಮಾತೀರ ಸಿಸ್ಟರ್ ಬರೆದಿದ್ದಾರೆ. ಆಂಪ್ಯೂಲ್‌ನ ಮೇಲಿನ ಸಣ್ಣ ಅಕ್ಷರಗಳನ್ನು ಒಮ್ಮೆ ಬೆಳಕಿಗೆ ಹಿಡಿದು ಓದಿ. ಬೈಟಾರ್ಟ್ರೇಟ್ ಎಂಬ ಲವಣದ ತೂಕವನ್ನು ಬರೆದಿದ್ದಾರೋ, ಮೂಲ ನಾರ್‌ಅಡ್ರಿನಲಿನ್‌ನ ತೂಕವನ್ನು ಬರೆದಿದ್ದಾರೋ? 2 ಮಿ.ಗ್ರಾಂ ಬೈಟಾರ್ಟ್ರೇಟ್‌ನಲ್ಲಿ ಮೂಲ ಔಷಧ ಇರುವುದು ಸುಮಾರು 1 ಮಿ.ಗ್ರಾಂ ಮಾತ್ರ. ಲವಣದ ಲೆಕ್ಕದಲ್ಲಿ 4 ಮಿ.ಗ್ರಾಂ ಎಂದು ಬರೆದಿರುವ ಆಂಪ್ಯೂಲ್ ಮೂಲದ ಲೆಕ್ಕದಲ್ಲಿ 2. ಒಂದು ಕಂಪನಿಯ ಪೆಟ್ಟಿಗೆ ಮುಗಿದು ಇನ್ನೊಂದು ಕಂಪನಿಯದು ಬಂದಾಗ, ಯಾರ ಲೆಕ್ಕವೂ ತಪ್ಪದೆ ಡೋಸ್ ಇಮ್ಮಡಿಯಾಗಬಹುದು ಅಥವಾ ಅರ್ಧವಾಗಬಹುದು. ನಮ್ಮ ವಾರ್ಡಿನಲ್ಲಿ ಹೊಸ ಸರಬರಾಜು ಬಂದ ದಿನ ಔಷಧಾಲಯದವರು ಇದನ್ನು ನೋಡಿ ಕಪಾಟಿನ ಬಾಗಿಲಿಗೆ ಚೀಟಿ ಹಚ್ಚುತ್ತಾರೆ.

ಎರಡನೆಯದು ತೂಕ. ಮಗ ಹೇಳಿದ 65 ಕೆ.ಜಿ. ನಂಬಿ 0.1ಕ್ಕೆ ಲೆಕ್ಕ ಹಾಕಿದ್ದರೆ 3.6ರ ಬದಲು 4.9 ಇಡುತ್ತಿದ್ದಿರಿ. ಈ ಔಷಧದ ಮಟ್ಟಿಗೆ ಆ ತಪ್ಪು ಬೇಗ ಸರಿಹೋಗುತ್ತದೆ, ಏಕೆಂದರೆ ತೂಕದ ಲೆಕ್ಕ ಬೇಕಾಗುವುದು ಆರಂಭಕ್ಕೆ. ಮುಂದೆ ಸರಾಸರಿ ರಕ್ತದೊತ್ತಡ 65 ತಲುಪುವಂತೆ ಏರಿಸುತ್ತ ಇಳಿಸುತ್ತ ಹೋಗುತ್ತೇವೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಹಾಗಲ್ಲ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರಿಗೆ ಕೆ.ಜಿ.ಗೆ 80 ಯೂನಿಟ್ ಒಮ್ಮೆಗೆ, ಆಮೇಲೆ ಗಂಟೆಗೆ ಕೆ.ಜಿ.ಗೆ 18 ಯೂನಿಟ್ ಎಂದು ಶುರುಮಾಡುತ್ತೇವೆ. ಹೆಚ್ಚಾದದ್ದು ಮಾನಿಟರ್‌ನಲ್ಲಿ ಕಾಣುವುದಿಲ್ಲ, ಆರು ಗಂಟೆಯ ನಂತರದ ರಕ್ತಪರೀಕ್ಷೆಯಲ್ಲಿ ಕಾಣುತ್ತದೆ, ಇಲ್ಲವೇ ರಕ್ತಸ್ರಾವವಾದಾಗ. ಅಲ್ಲಿ ತೂಕವನ್ನು ಊಹಿಸಬಾರದು. ಹೆಪಾರಿನ್ ಬಾಟಲಿಯಲ್ಲಿ ಒಂದು ಮಿ.ಲೀ.ಗೆ 1000 ಯೂನಿಟ್‌ನದೂ ಇದೆ, 5000ದ್ದೂ ಇದೆ, ನೋಡಲು ಅಣ್ಣತಮ್ಮಂದಿರಂತಿರುತ್ತವೆ. ಎರಡನ್ನೂ ಒಂದೇ ತಟ್ಟೆಯಲ್ಲಿ ಇಡಬೇಡಿ.


ತೊಗರಿಕಣಜ (ಕಲಬುರಗಿ, ನರ್ಸಿಂಗ್ ವಿದ್ಯಾರ್ಥಿ)
ಸೋಮವಾರ, ಸಂಜೆ 6:40

ನಾನೊಂದು ಲೆಕ್ಕ ಮಾಡಿದ್ದೇನೆ, ಸರಿಯಿದೆಯೇ ನೋಡಿ. ಡೊಬುಟಮಿನ್ 250 ಮಿ.ಗ್ರಾಂ, ಒಟ್ಟು 50 ಮಿ.ಲೀ. ರೋಗಿ 60 ಕೆ.ಜಿ., ಡೋಸ್ 5 ಮೈಕ್ರೋಗ್ರಾಂ. 5 × 60 = ನಿಮಿಷಕ್ಕೆ 300. ಗಂಟೆಗೆ 18,000. ಒಂದು ಮಿ.ಲೀ.ಯಲ್ಲಿ 5 ಮಿ.ಗ್ರಾಂ, ಅಂದರೆ 500 ಮೈಕ್ರೋಗ್ರಾಂ. 18,000 ÷ 500 = ಗಂಟೆಗೆ 36 ಮಿ.ಲೀ.


ಬೆಣ್ಣೆತೊರೆ (ಕಲಬುರಗಿ)
ಸೋಮವಾರ, ಸಂಜೆ 7:15

ಇಲ್ಲ ತಮ್ಮಾ. 5 ಮಿ.ಗ್ರಾಂ ಎಂದರೆ 5000 ಮೈಕ್ರೋಗ್ರಾಂ. ಉತ್ತರ 3.6. ನಿಮ್ಮದು ಹತ್ತು ಪಟ್ಟು.

ಬೇಸರಪಡಬೇಡಿ, ಈ ಕೆಲಸದಲ್ಲಿ ಹೆಚ್ಚಾಗಿ ಆಗುವ ತಪ್ಪೇ ಇದು: ಒಂದು ಸೊನ್ನೆ ಜಾರುವುದು ಅಥವಾ 60ರಿಂದ ಗುಣಿಸುವುದು ಮರೆಯುವುದು. ಅದನ್ನು ಹಿಡಿಯಲು ಒಂದು ದಾರಿ ಕಲಿತುಕೊಳ್ಳಿ. ಉತ್ತರ ಬಂದ ಮೇಲೆ ಕೇಳಿಕೊಳ್ಳಿ, ‘ಈ ಸಿರಿಂಜ್ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ?’ 3.6ರಂತೆ 50 ಮಿ.ಲೀ. ಹದಿನಾಲ್ಕು ಗಂಟೆ ಬರುತ್ತದೆ. 36ರಂತೆ ಒಂದು ಗಂಟೆ ಇಪ್ಪತ್ಮೂರು ನಿಮಿಷ. ಹೃದಯಕ್ಕೆ ಬಲ ಕೊಡುವ ಔಷಧದ ಗಟ್ಟಿ ಸಿರಿಂಜ್ ಒಂದೂವರೆ ಗಂಟೆಯಲ್ಲಿ ಮುಗಿಯುವುದನ್ನು ಯಾವ ವಾರ್ಡಿನಲ್ಲಾದರೂ ನೋಡಿದ್ದೀರಾ? ಇದನ್ನು ಕೇಳಿಕೊಂಡಿದ್ದರೆ ಗುಂಡಿ ಒತ್ತುವ ಮೊದಲೇ ನಿಮ್ಮ ಕೈ ತಡೆಯುತ್ತಿತ್ತು.

ಬರೆಯುವಾಗಲೂ ಎಚ್ಚರ. ‘.1’ ಎಂದು ಬರೆದರೆ ಚುಕ್ಕೆ ಮಾಸಿ 1 ಆಗುತ್ತದೆ, ‘0.1’ ಎಂದು ಬರೆಯಿರಿ. ‘5.0’ ಎಂದರೆ 50 ಆಗುತ್ತದೆ, ಬರೀ ‘5’ ಸಾಕು. ಯೂನಿಟ್ ಎಂಬುದನ್ನು ಇಂಗ್ಲಿಷಿನ ಒಂದೇ ಅಕ್ಷರದಲ್ಲಿ ಬರೆದರೆ ಅದು ಸೊನ್ನೆಯಂತೆ ಕಾಣುತ್ತದೆ, ಪೂರ್ತಿ ಬರೆಯಿರಿ. ಫೋನಿನಲ್ಲಿ ‘ಐದು ಮಿಲಿ’ ಎಂದು ಯಾರಾದರೂ ಹೇಳಿದರೆ, ಮಿಲಿಗ್ರಾಮೋ ಮಿಲಿಲೀಟರೋ ಎಂದು ಕೇಳದೆ ಫೋನ್ ಇಡಬೇಡಿ. ನಮ್ಮ ಮಾತಿನಲ್ಲಿ ಎರಡೂ ‘ಮಿಲಿ’ಯೇ ಆಗಿಬಿಟ್ಟಿವೆ.


ಜೇವರ್ಗಿ ಕ್ರಾಸ್ (ಕಲಬುರಗಿ ಜಿಲ್ಲೆ)
ಸೋಮವಾರ, ರಾತ್ರಿ 9:50

ನಾನು ಆಂಬ್ಯುಲೆನ್ಸ್‌ನಲ್ಲಿ ಕೆಲಸ ಮಾಡುವವನು. ನೀವೆಲ್ಲ ಪಂಪ್ ಇದೆ ಎಂದುಕೊಂಡು ಮಾತನಾಡುತ್ತಿದ್ದೀರಿ. ದಾರಿಯಲ್ಲಿ ಬ್ಯಾಟರಿ ಸತ್ತರೆ ಅಥವಾ ಪಂಪೇ ಇಲ್ಲದಿದ್ದರೆ ನಮಗೆ ಉಳಿಯುವುದು ಹನಿ ಎಣಿಸುವ ಲೆಕ್ಕ. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ, ಹಳೆಯ ಬ್ಯಾಟರಿಯ ಪಂಪ್‌ನ್ನು ನಂಬಿ ಎಂಬತ್ತು ಕಿಲೋಮೀಟರ್ ಹೊರಟವರಿಗೆ ಅದರ ಕಷ್ಟ ಗೊತ್ತು.

ಮೈಕ್ರೋ ಡ್ರಿಪ್ ಸೆಟ್‌ನಲ್ಲಿ ಒಂದು ಮಿ.ಲೀ.ಗೆ 60 ಹನಿ. ಗಂಟೆಯಲ್ಲಿಯೂ 60 ನಿಮಿಷ. ಹೀಗಾಗಿ ಗಂಟೆಗೆ ಎಷ್ಟು ಮಿ.ಲೀ.ಯೋ ನಿಮಿಷಕ್ಕೆ ಅಷ್ಟೇ ಹನಿ. ಬಿಪಿ ಏರಿಸುವ ಇನ್ನೊಂದು ಔಷಧ ಡೋಪಮಿನ್, ಅದರ 200 ಮಿ.ಗ್ರಾಂನ ಒಂದು ಆಂಪ್ಯೂಲ್‌ನ್ನು 500 ಮಿ.ಲೀ. ಸಲೈನ್‌ಗೆ ಹಾಕಿದರೆ ಒಂದು ಮಿ.ಲೀ.ಗೆ 400 ಮೈಕ್ರೋಗ್ರಾಂ. ಅದೇ 48 ಕೆ.ಜಿ. ರೋಗಿಗೆ 5ರ ಡೋಸ್ ಬೇಕಾದರೆ 5 × 48 × 60 ÷ 400 = ಗಂಟೆಗೆ 36 ಮಿ.ಲೀ., ಅಂದರೆ ಮೈಕ್ರೋ ಸೆಟ್‌ನಲ್ಲಿ ನಿಮಿಷಕ್ಕೆ 36 ಹನಿ. ಸಾಮಾನ್ಯ ಸೆಟ್‌ನಲ್ಲಿ ಮಿ.ಲೀ.ಗೆ 20 ಹನಿ, ಆದ್ದರಿಂದ ಮೂರರಿಂದ ಭಾಗಿಸಿ 12 ಹನಿ. ಹನ್ನೆರಡರಲ್ಲಿ ಒಂದು ಹನಿ ಹೆಚ್ಚುಕಡಿಮೆಯಾದರೂ ಡೋಸ್ ಬಹಳ ಬದಲಾಗುತ್ತದೆ, ಅದಕ್ಕೇ ಇಂಥ ಔಷಧಕ್ಕೆ ಮೈಕ್ರೋ ಸೆಟ್ಟೇ ಬೇಕು. ಪ್ಯಾಕೆಟ್ ಮೇಲೆ ಎಷ್ಟು ಹನಿ ಎಂದು ಮುದ್ರಿಸಿರುತ್ತಾರೆ, ಹರಿದು ಎಸೆಯುವ ಮೊದಲು ನೋಡಿ.

ಗಾಡಿ ಓಡುವಾಗ ಎಣಿಕೆ ನಿಲ್ಲುವುದಿಲ್ಲ. ರೋಗಿ ಮೊಣಕೈ ಮಡಚಿದರೆ ಹನಿ ನಿಲ್ಲುತ್ತದೆ, ಬಿಡಿಸಿದರೆ ಸುರಿಯುತ್ತದೆ. ಬಾಟಲಿ ಕೊಕ್ಕೆಯಿಂದ ಒಂದು ಗೇಣು ಕೆಳಗಿಳಿದರೂ ವೇಗ ಬದಲಾಗುತ್ತದೆ. ನಾನು ಕೈಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ, ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದಿಲ್ಲ. ಸೂಜಿ ಚುಚ್ಚಿದ ಜಾಗವನ್ನೂ ಮುಟ್ಟಿ ನೋಡುತ್ತಿರುತ್ತೇನೆ. ಈ ಔಷಧಗಳು ನಾಳದಿಂದ ಹೊರಗೆ ಸೋರಿದರೆ ಚರ್ಮ ಬೆಳ್ಳಗಾಗಿ ಆಮೇಲೆ ಕಪ್ಪಾಗಿ ಸಾಯುತ್ತದೆ.


ಸನ್ನತಿ (ಕಲಬುರಗಿ, ಮಕ್ಕಳ ವಿಭಾಗ)
ಮಂಗಳವಾರ, ಬೆಳಿಗ್ಗೆ 7:30

ಮಕ್ಕಳ ಮಾತು ಯಾರೂ ಎತ್ತಿಲ್ಲ. ದೊಡ್ಡವರಲ್ಲಿ ತೂಕದ ತಪ್ಪನ್ನು ದೇಹ ಸ್ವಲ್ಪ ತಾಳಿಕೊಳ್ಳುತ್ತದೆ. ಒಂಬತ್ತು ಕೆ.ಜಿ.ಯ ಕೂಸು ಎಷ್ಟು ತಾಳುತ್ತದೆ?

ಪುಸ್ತಕದಲ್ಲಿ ವಯಸ್ಸಿನಿಂದ ತೂಕ ಊಹಿಸುವ ಲೆಕ್ಕವಿದೆ. ವಯಸ್ಸನ್ನು ಎರಡರಿಂದ ಗುಣಿಸಿ ಎಂಟು ಕೂಡಿಸುವುದು. ಮೂರು ವರ್ಷದ ಮಗುವಿಗೆ 14 ಕೆ.ಜಿ. ಬರುತ್ತದೆ. ನಮ್ಮ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಬರುವ ಮೂರು ವರ್ಷದ ಮಕ್ಕಳನ್ನು ತೂಗಿ ನೋಡಿ. ಒಂಬತ್ತೂವರೆ ಕೆ.ಜಿ.ಯ ಮಗುವಿಗೆ 14ರ ಲೆಕ್ಕದಲ್ಲಿ ಕೊಟ್ಟರೆ ಸುಮಾರು ಒಂದೂವರೆ ಪಟ್ಟು ಔಷಧ ಹೋಗುತ್ತದೆ. ಮಗುವಿನ ಉದ್ದ ಅಳೆದು ತೂಕ ಹೇಳುವ ಬಣ್ಣದ ಪಟ್ಟಿಯೂ ಇದೆ, ತುರ್ತಿನಲ್ಲಿ ಅದು ಒಳ್ಳೆಯದೇ, ಆದರೆ ಸೊರಗಿದ ಮಗುವಿಗೆ ಅದೂ ಹೆಚ್ಚು ತೋರಿಸುತ್ತದೆ. ನಮ್ಮ ಜಿಲ್ಲೆಗಳಲ್ಲಿ ಮಗುವನ್ನು ತೂಗಲೇಬೇಕು.

ಅಳುವ ಮಗು ತಕ್ಕಡಿಯಲ್ಲಿ ಮಲಗುವುದಿಲ್ಲ ಎನ್ನುತ್ತಾರೆ. ತಾಯಿ ಎತ್ತಿಕೊಂಡು ನಿಲ್ಲಲಿ, ಆಮೇಲೆ ತಾಯಿ ಒಬ್ಬಳೇ ನಿಲ್ಲಲಿ, ಕಳೆಯಿರಿ. ಇಲ್ಲಿನ ಎಪಿಎಂಸಿಯಲ್ಲಿ ತೊಗರಿ ಮಾರಿದ ಯಾವ ರೈತನಿಗೂ ಚೀಲದ ತೂಕ ಕಳೆಯುವುದನ್ನು ಹೇಳಿಕೊಡಬೇಕಾಗಿಲ್ಲ. ಒಮ್ಮೆ ಒಬ್ಬ ತಾತ, ಮೊಮ್ಮಗನ ಕೈಗೆ ಕಟ್ಟಿದ್ದ ಮರದ ಪಟ್ಟಿಯನ್ನು ತೋರಿಸಿ “ಇದರ ತೂಕ ಕಳೆದಿರೇನು ತಾಯಿ?” ಎಂದು ಕೇಳಿದ. ಕಳೆದಿರಲಿಲ್ಲ. ಪಟ್ಟಿ ಬಿಚ್ಚಿ ಇನ್ನೊಮ್ಮೆ ತೂಗಿದೆ.

ಮಕ್ಕಳ ಸಿರಿಂಜ್‌ಗೆ ನಾವು ಬಹಳ ಕಾಲ ‘ಮೂರರ ಲೆಕ್ಕ’ ಬಳಸಿದೆವು. ತೂಕವನ್ನು ಮೂರರಿಂದ ಗುಣಿಸಿ, ಅಷ್ಟು ಮಿ.ಗ್ರಾಂ ಡೋಪಮಿನ್‌ನ್ನು 50 ಮಿ.ಲೀ.ಗೆ ಹಾಕಿದರೆ ಗಂಟೆಗೆ ಒಂದು ಮಿ.ಲೀ. ಎಂದರೆ ಸರಿಯಾಗಿ ಕೆ.ಜಿ.ಗೆ ನಿಮಿಷಕ್ಕೆ ಒಂದು ಮೈಕ್ರೋಗ್ರಾಂ. ಎಂಟು ಕೆ.ಜಿ.ಗೆ 24 ಮಿ.ಗ್ರಾಂ, ಅಂದರೆ 0.6 ಮಿ.ಲೀ. ಔಷಧ. 100 ಮಿ.ಲೀ. ಆದರೆ ಆರರಿಂದ ಗುಣಿಸಬೇಕು. ಪಂಪ್ ತೋರಿಸುವ ಅಂಕಿಯೇ ಡೋಸ್ ಆಗುವುದರಿಂದ ರಾತ್ರಿ ಪಾಳಿಯಲ್ಲಿ ಇದರಷ್ಟು ಸುಲಭದ್ದು ಇನ್ನೊಂದಿಲ್ಲ.


ಕಾರಂಜಾ (ಬೀದರ್)
ಮಂಗಳವಾರ, ಬೆಳಿಗ್ಗೆ 11:20

ಸನ್ನತಿ ಸಿಸ್ಟರ್, ಸುಲಭ ಹೌದು, ಆದರೆ ಅದನ್ನು ಬಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ಲೆಕ್ಕದಲ್ಲಿ ಹತ್ತು ಮಕ್ಕಳಿದ್ದರೆ ಹತ್ತು ಬಗೆಯ ಸಿರಿಂಜ್. ಪ್ರತಿಯೊಂದನ್ನೂ ಪುಟ್ಟ ಸಿರಿಂಜ್‌ನಿಂದ 0.6, 0.75 ಎಂದು ಎಳೆದು ತಯಾರಿಸಬೇಕು. ಪಕ್ಕದ ಮಗುವಿನ ಸಿರಿಂಜ್ ತಪ್ಪಿ ಬಂದರೆ ನೋಡಿ ಗುರುತಿಸಲು ಆಗುವುದಿಲ್ಲ. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ ಸುಮಾರು ಎರಡು ದಶಕದ ಹಿಂದೆಯೇ ‘ಆರರ ಲೆಕ್ಕ’ ಕೈಬಿಟ್ಟು, ನಿಗದಿತ ಗಟ್ಟಿತನದ ದ್ರಾವಣಗಳಿಗೆ ಬನ್ನಿ ಎಂದು ಹೇಳಿತು. ಪ್ರತಿ ಔಷಧಕ್ಕೆ ಒಂದು, ಹೆಚ್ಚೆಂದರೆ ಎರಡು ಗಟ್ಟಿತನ. ಮಗು ಬದಲಾದಂತೆ ವೇಗ ಬದಲಾಗಲಿ, ಸಿರಿಂಜ್ ಒಂದೇ ಇರಲಿ.


ಸನ್ನತಿ (ಕಲಬುರಗಿ, ಮಕ್ಕಳ ವಿಭಾಗ)
ಮಂಗಳವಾರ, ಮಧ್ಯಾಹ್ನ 1:00

ಸಾಹೇಬರೇ, ನಿಮ್ಮ ಮಾತು ಒಪ್ಪುತ್ತೇನೆ, ಅರ್ಧ. ನಿಗದಿತ ದ್ರಾವಣಕ್ಕೆ ಬಂದರೆ ಮೂರು ಕೆ.ಜಿ.ಯ ಕೂಸಿಗೆ ವೇಗ ಗಂಟೆಗೆ 0.2, 0.3ಕ್ಕೆ ಇಳಿಯುತ್ತದೆ. ಅಷ್ಟು ನಿಧಾನಕ್ಕೆ ನಮ್ಮ ಹಳೆಯ ಪಂಪ್‌ಗಳು ಒಂದೇ ಸಮನೆ ತಳ್ಳುವುದಿಲ್ಲ, ತಡೆದು ತಡೆದು ತಳ್ಳುತ್ತವೆ, ಮಾನಿಟರ್‌ನಲ್ಲಿ ಬಿಪಿಯ ಗೆರೆ ಏರಿಳಿಯುವುದು ಕಾಣುತ್ತದೆ. ಕೂಸುಗಳಿಗೆ ಒಂದು ತೆಳು ದ್ರಾವಣ, ದೊಡ್ಡ ಮಕ್ಕಳಿಗೆ ಒಂದು ಗಟ್ಟಿ ದ್ರಾವಣ ಎಂದು ಎರಡು ಬಣ್ಣದ ಚೀಟಿ ಮಾಡಿದರೆ ನಮ್ಮ ವಾರ್ಡು ನಾಳೆಯೇ ಬದಲಾಗಲು ಸಿದ್ಧ. ಮುಖ್ಯಸ್ಥರ ಮುಂದೆ ಇದನ್ನು ಇಡುತ್ತೇನೆ.

ಮಕ್ಕಳಿಗೆ ಜ್ವರದ ಪ್ಯಾರಾಸಿಟಮಾಲ್ ಬಾಟಲಿ ಹಚ್ಚುವವರಿಗೂ ಒಂದು ಮಾತು. ಅದರಲ್ಲಿ ಒಂದು ಮಿ.ಲೀ.ಗೆ 10 ಮಿ.ಗ್ರಾಂ ಇದೆ. 12 ಕೆ.ಜಿ. ಮಗುವಿಗೆ ಕೆ.ಜಿ.ಗೆ 15ರಂತೆ 180 ಮಿ.ಗ್ರಾಂ, ಅಂದರೆ 18 ಮಿ.ಲೀ. ಬಾಟಲಿಯಲ್ಲಿರುವುದು 100 ಮಿ.ಲೀ. 18ನ್ನು ಸಿರಿಂಜ್‌ಗೆ ಎಳೆದುಕೊಂಡು ಕೊಡಿ, ಇಡೀ ಬಾಟಲಿಯನ್ನು ನೇತುಹಾಕಿ ‘ಆಮೇಲೆ ನಿಲ್ಲಿಸುತ್ತೇನೆ’ ಎಂದು ಬೇರೆ ಹಾಸಿಗೆಗೆ ಹೋಗಬೇಡಿ.


ಹುಮನಾಬಾದಿನ ಓದುಗ
ಮಂಗಳವಾರ, ಸಂಜೆ 5:45

ನಾನು ಆಸ್ಪತ್ರೆಯವನಲ್ಲ, ಕಿರಾಣಿ ಅಂಗಡಿ ನಡೆಸುವವನು. ಕಳೆದ ಮಳೆಗಾಲದಲ್ಲಿ ನನ್ನ ಮಗನಿಗೆ ಡೆಂಗಿ ಆಗಿತ್ತು. ಸಿಸ್ಟರ್ ಬಂದು ಬಂದು ತೂಕ ಕೇಳಿದರು, ಸಲೈನ್ ನಿಧಾನ ಮಾಡಿದರು. ಹುಡುಗ ಸುಸ್ತಾಗಿ ಮಲಗಿದ್ದಾನೆ, ಇವರು ಸಲೈನ್ ಕಡಿಮೆ ಮಾಡುತ್ತಾರೆ ಎಂದು ನನಗೆ ಸಿಟ್ಟು ಬಂದು, ಅವರು ಆಚೆ ಹೋದಾಗ ಆ ಚಕ್ರವನ್ನು ನಾನೇ ತಿರುಗಿಸಿ ಜೋರು ಮಾಡಿದೆ. ಅವರು ನೋಡಿ ಬೈದರು, ನಾನೂ ಜಗಳವಾಡಿದೆ. ಇಲ್ಲಿನದೆಲ್ಲ ಓದಿದ ಮೇಲೆ ಕೇಳಬೇಕೆನಿಸಿತು, ನಾನು ಏನು ಮಾಡಿದೆ?


ಸನ್ನತಿ (ಕಲಬುರಗಿ, ಮಕ್ಕಳ ವಿಭಾಗ)
ಮಂಗಳವಾರ, ರಾತ್ರಿ 8:10

ಅಣ್ಣಾವರೇ, ಕೇಳಿದ್ದು ಒಳ್ಳೆಯದಾಯಿತು. ಡೆಂಗಿಯಲ್ಲಿ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರುತ್ತದೆ. ಸೋರಿದಷ್ಟನ್ನು ತುಂಬಬೇಕು, ಹೆಚ್ಚು ತುಂಬಿದರೆ ಅದೂ ಸೋರಿ ಎದೆ, ಹೊಟ್ಟೆ ಸೇರುತ್ತದೆ, ಮಗುವಿಗೆ ಉಸಿರು ಕಟ್ಟುತ್ತದೆ. ಅದಕ್ಕೆ ಅಪಾಯದ ಲಕ್ಷಣ ಕಂಡಾಗ ಗಂಟೆಗೆ ಕೆ.ಜಿ.ಗೆ ಐದರಿಂದ ಏಳು ಮಿ.ಲೀ.ಯಂತೆ ಒಂದೆರಡು ಗಂಟೆ ಕೊಟ್ಟು, ಸುಧಾರಿಸಿದಂತೆ ಮೂರರಿಂದ ಐದಕ್ಕೆ, ಆಮೇಲೆ ಎರಡರಿಂದ ಮೂರಕ್ಕೆ ಇಳಿಸುತ್ತಾರೆ. ಮಗ 20 ಕೆ.ಜಿ. ಇದ್ದನೆಂದರೆ ಐದರ ಲೆಕ್ಕದಲ್ಲಿ ಗಂಟೆಗೆ 100 ಮಿ.ಲೀ., ಸಾಮಾನ್ಯ ಸೆಟ್‌ನಲ್ಲಿ ನಿಮಿಷಕ್ಕೆ 33 ಹನಿ. ಮೂರಕ್ಕೆ ಇಳಿಸಿದಾಗ 60 ಮಿ.ಲೀ., 20 ಹನಿ. ನಿಮಗೆ ನಿಧಾನವಾಗಿ ಕಂಡದ್ದು ಮಗ ಚೇತರಿಸಿಕೊಳ್ಳುತ್ತಿದ್ದ ಗುರುತು. ಈಗ ಚೆನ್ನಾಗಿದ್ದಾನಲ್ಲ?


ಹುಮನಾಬಾದಿನ ಓದುಗ
ಮಂಗಳವಾರ, ರಾತ್ರಿ 8:25

ಚೆನ್ನಾಗಿದ್ದಾನೆ ತಾಯಿ, ಮೂರನೇ ತರಗತಿ. ಆ ಸಿಸ್ಟರ್‌ನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳುತ್ತೇನೆ.


ಚಿಂಚೋಳಿ ಸೀಮೆ (ಸಮುದಾಯ ಆರೋಗ್ಯ ಕೇಂದ್ರದ ವೈದ್ಯೆ)
ಬುಧವಾರ, ಬೆಳಿಗ್ಗೆ 8:00

ಎಲ್ಲವೂ ತೂಕದ ಮೇಲೆಯೇ ಎಂದು ಹೊಸಬರು ತಿಳಿದುಕೊಳ್ಳಬಾರದು. ತೊಗರಿ ಕೊಯ್ಲಿನ ದಿನಗಳಲ್ಲಿ ನಮ್ಮಲ್ಲಿಗೆ ಹಾವು ಕಚ್ಚಿದವರು ಬರುತ್ತಾರೆ. ಮಕ್ಕಳಿಗೆ ಪ್ರತಿವಿಷವನ್ನು ಅರ್ಧ ಹಾಕಿ ಕಳುಹಿಸಿದ್ದನ್ನು ನಾನು ನೋಡಿದ್ದೇನೆ. ಅದು ತಪ್ಪು. ಮಗುವಿಗೆ ಕಚ್ಚಿದ ಹಾವು ಕಡಿಮೆ ವಿಷ ಬಿಡುವುದಿಲ್ಲ. ಇರುವ ವಿಷಕ್ಕೆ ಎದುರಾಗಿ ಕೊಡುವ ಔಷಧ ಅದು. ವಿಷ ಏರಿದ ಲಕ್ಷಣವಿದ್ದರೆ ದೊಡ್ಡವರಿಗೆ ಮೊದಲಿಗೆ 10 ವಯಲ್ ಕೊಡುವುದಾದರೆ ಮಗುವಿಗೂ 10 ವಯಲ್, ಸುಮಾರು ಒಂದು ಗಂಟೆಯಲ್ಲಿ.

ತೂಕ ನೋಡಬೇಕಾದದ್ದು ಜೊತೆಗೆ ಹೋಗುವ ನೀರಿಗೆ. ಮಕ್ಕಳಲ್ಲಿ ಕೆ.ಜಿ.ಗೆ 5ರಿಂದ 10 ಮಿ.ಲೀ. ದ್ರಾವಣದಲ್ಲಿ ಕೊಡಬೇಕು. 10 ವಯಲ್ ಪುಡಿಯನ್ನು ಕರಗಿಸಿದರೆ ಅದೇ 100 ಮಿ.ಲೀ. ಆಗುತ್ತದೆ. 15 ಕೆ.ಜಿ.ಯ ಮಗುವಿಗೆ ಅದರ ಮೇಲೆ ಐನೂರರ ಬಾಟಲಿ ಸೇರಿಸುವ ಹಾಗಿಲ್ಲ. ಮೈಮೇಲೆ ದದ್ದು ಎದ್ದು ಉಸಿರು ಸಿಕ್ಕಿಕೊಂಡರೆ ತೊಡೆಗೆ ಹಾಕಲು ಅಡ್ರಿನಲಿನ್ ಮೊದಲೇ ಸಿರಿಂಜ್‌ನಲ್ಲಿ ಸಿದ್ಧವಿರಲಿ. ಅದು ಮತ್ತೆ ತೂಕದ ಮೇಲೆಯೇ: ಕೆ.ಜಿ.ಗೆ 0.01 ಮಿ.ಗ್ರಾಂ, 15 ಕೆ.ಜಿ.ಗೆ 0.15 ಮಿ.ಗ್ರಾಂ, ಅಂದರೆ ಮಿ.ಲೀ.ಗೆ 1 ಮಿ.ಗ್ರಾಂ ಇರುವ ಆಂಪ್ಯೂಲ್‌ನಿಂದ 0.15 ಮಿ.ಲೀ.


ಮಾಂಜ್ರಾ ದಂಡೆ (ಬೀದರ್ ಜಿಲ್ಲೆ)
ಬುಧವಾರ, ಮಧ್ಯಾಹ್ನ 3:30

ಇನ್ಸುಲಿನ್ ಬಗ್ಗೆ ಬರೆಯದಿದ್ದರೆ ಈ ಚರ್ಚೆ ಪೂರ್ತಿಯಾಗುವುದಿಲ್ಲ. ಸಕ್ಕರೆ ಏರಿ ರಕ್ತ ಆಮ್ಲವಾದವರಿಗೆ ಗಂಟೆಗೆ ಕೆ.ಜಿ.ಗೆ 0.1 ಯೂನಿಟ್ ಎಂದು ಹಚ್ಚುತ್ತೇವೆ. 50 ಯೂನಿಟ್ ಸಾದಾ ಇನ್ಸುಲಿನ್, ಸಲೈನ್ ಸೇರಿ 50 ಮಿ.ಲೀ., ಅಂದರೆ ಮಿ.ಲೀ.ಗೆ ಒಂದು ಯೂನಿಟ್. 50 ಕೆ.ಜಿ.ಗೆ ಗಂಟೆಗೆ 5 ಮಿ.ಲೀ. ಇಷ್ಟು ಸುಲಭದ ಲೆಕ್ಕದಲ್ಲಿ ತಪ್ಪಾಗುವುದು ಎಲ್ಲಿ? ಆ 50 ಯೂನಿಟ್ ಎಳೆಯುವಲ್ಲಿ.

ನಮ್ಮ ದೇಶದಲ್ಲಿ ಮಿ.ಲೀ.ಗೆ 40 ಯೂನಿಟ್‌ನ ಬಾಟಲಿಯೂ ಇದೆ, 100 ಯೂನಿಟ್‌ನದೂ ಇದೆ. ನಲವತ್ತರ ಸಿರಿಂಜ್‌ಗೆ ಕೆಂಪು ಮುಚ್ಚಳ, ನೂರರದ್ದಕ್ಕೆ ಕಿತ್ತಳೆ ಮುಚ್ಚಳ. 40ರ ಬಾಟಲಿಯಿಂದ 50 ಯೂನಿಟ್ ಎಂದರೆ 1.25 ಮಿ.ಲೀ., 100ರ ಬಾಟಲಿಯಿಂದ ಅರ್ಧ ಮಿ.ಲೀ. ಕೆಂಪು ಸಿರಿಂಜ್‌ನಲ್ಲಿ ನೂರರ ಔಷಧ ಎಳೆದರೆ ಎರಡೂವರೆ ಪಟ್ಟು. ರಾತ್ರಿ ಮೂರು ಗಂಟೆಗೆ ಕೆಂಪು, ಕಿತ್ತಳೆ ಎರಡೂ ಒಂದೇ ಬಣ್ಣವಾಗಿ ಕಾಣುತ್ತವೆ. ನಾವು ಇಬ್ಬರು ಒಟ್ಟಿಗೆ ನಿಂತು, ಒಬ್ಬರು ಬಾಟಲಿಯ ಅಂಕಿ ಓದಿ, ಇನ್ನೊಬ್ಬರು ಸಿರಿಂಜ್‌ನ ಅಂಕಿ ಓದಿ, ಆಮೇಲೆ ಎಳೆಯುತ್ತೇವೆ. ಇಬ್ಬರೂ ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕು. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ನೋಡಿ ‘ಸರಿ’ ಎಂದರೆ ಕಣ್ಣು ಅದೇ ತಪ್ಪಿನ ಮೇಲೆ ಜಾರಿಹೋಗುತ್ತದೆ.


ಭೀಮಾತೀರ (ಯಾದಗಿರಿ ಜಿಲ್ಲೆ)
ಗುರುವಾರ, ಬೆಳಿಗ್ಗೆ 8:50

ಎಲ್ಲರಿಗೂ ಶರಣು. ಆ ಅಮ್ಮನವರ ನಾರ್‌ಅಡ್ರಿನಲಿನ್ ನಿನ್ನೆ ನಿಲ್ಲಿಸಿದರಂತೆ, ಕುಳಿತು ಗಂಜಿ ಕುಡಿದಿದ್ದಾರೆ ಎಂದು ಸೊಸೆ ಫೋನ್ ಮಾಡಿದ್ದಳು.

ನಮ್ಮ ಕಪಾಟಿನ ಆಂಪ್ಯೂಲ್ ಓದಿದೆ. ಬೈಟಾರ್ಟ್ರೇಟ್ ಲೆಕ್ಕದಲ್ಲೇ 4 ಮಿ.ಗ್ರಾಂ, ಕೆಳಗೆ ಸಣ್ಣ ಅಕ್ಷರದಲ್ಲಿ ಮೂಲ 2 ಎಂದಿದೆ. ಎರಡು ವರ್ಷದಿಂದ ಕೈಯಲ್ಲಿ ಹಿಡಿದಿದ್ದೇನೆ, ಓದಿರಲಿಲ್ಲ. ಡಾಕ್ಟರ್ ಸಾಹೇಬರಿಗೆ ತೋರಿಸಿದೆ. ಇನ್ನು ಮುಂದೆ ನಮ್ಮಲ್ಲಿ ಎಲ್ಲರೂ ಮೂಲದ ಲೆಕ್ಕದಲ್ಲೇ ಬರೆಯುವುದು ಎಂದು ತೀರ್ಮಾನವಾಯಿತು, ಎರಡು ಆಂಪ್ಯೂಲ್‌ಗೆ 50 ಮಿ.ಲೀ. ಒಂದೇ ರೂಢಿ.

ನಿನ್ನೆ ರಾತ್ರಿ ಮೊದಲ ಚೀಟಿ ಬರೆದು ಸಿರಿಂಜ್‌ಗೆ ಹಚ್ಚಿದೆ. ಹೀಗಿದೆ, ಏನಾದರೂ ಬಿಟ್ಟಿದ್ದರೆ ಹೇಳಿ:

ನಾರ್‌ಅಡ್ರಿನಲಿನ್ (ಮೂಲ) 4 ಮಿ.ಗ್ರಾಂ / ಒಟ್ಟು 50 ಮಿ.ಲೀ.
1 ಮಿ.ಲೀ. = 80 ಮೈಕ್ರೋಗ್ರಾಂ
ತೂಕ 56 ಕೆ.ಜಿ. (ತೂಗಿದ್ದು)
1 ಮಿ.ಲೀ./ಗಂಟೆ = 0.024 ಮೈಕ್ರೋಗ್ರಾಂ/ಕೆ.ಜಿ./ನಿಮಿಷ
ತಯಾರಿಸಿದ ಸಮಯ, ಇಬ್ಬರ ಸಹಿ

ತೂಗಲು ಆಗದವರಿಗೆ ‘ತೂಗಿದ್ದು’ ಎಂಬಲ್ಲಿ ‘ಅಂದಾಜು’ ಎಂದು ಬರೆಯುತ್ತೇವೆ. ರೋಗಿಯನ್ನು ಬೇರೆಡೆಗೆ ಕಳುಹಿಸುವಾಗ ಇದೇ ಸಾಲುಗಳನ್ನು ರೆಫರಲ್ ಹಾಳೆಯಲ್ಲೂ ಬರೆಯುವುದು ಎಂದು ಹಿರಿಯ ಸಿಸ್ಟರ್ ಒಪ್ಪಿದ್ದಾರೆ.


ಬೆಣ್ಣೆತೊರೆ (ಕಲಬುರಗಿ)
ಗುರುವಾರ, ಬೆಳಿಗ್ಗೆ 9:30

80ನ್ನು 60ರಿಂದ, ಆಮೇಲೆ 56ರಿಂದ ಭಾಗಿಸಿ ನೋಡಿದೆ, 0.0238. ಸರಿಯಿದೆ ತಂಗಿ. ಚೀಟಿಯನ್ನು ಸಿರಿಂಜ್‌ಗೆ ಸುತ್ತಬೇಡಿ, ಉದ್ದಕ್ಕೆ ಹಚ್ಚಿ. ಸುತ್ತಿದರೆ ಮಿ.ಲೀ. ಗೆರೆಗಳು ಮುಚ್ಚಿಹೋಗುತ್ತವೆ, ಎಷ್ಟು ಉಳಿದಿದೆ ಎಂದು ಮುಂದಿನ ಪಾಳಿಯವರಿಗೆ ಕಾಣುವುದಿಲ್ಲ.